ಕಾರಿನ ಸ್ಪೀಕರ್ ಮೇಲೆ ಚಿನ್ನದ ಚೌಕ: ‘ಹೈ-ರೆಸ್’ ಅಂದರೆ ನಿಜಕ್ಕೂ ಏನು?

ಹೋದ ತಿಂಗಳು ನಮ್ಮ ಭಾವ ತಮ್ಮ ಹಳೇ ಕಾರಿನ ಸ್ಪೀಕರ್ ಬದಲಾಯಿಸಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯ ಹುಡುಗ ಎರಡು ಪೆಟ್ಟಿಗೆ ತಂದಿಟ್ಟ. ಎರಡೂ ಆರೂವರೆ ಇಂಚಿನ ಸ್ಪೀಕರ್, ನೋಡಲು ಅಣ್ಣತಮ್ಮಂದಿರ ಹಾಗೆ. ಒಂದರ ಮೂಲೆಯಲ್ಲಿ ಮಾತ್ರ ಚಿನ್ನದ ಬಣ್ಣದ ಚೌಕ, ಅದರೊಳಗೆ ಕಪ್ಪಕ್ಷರದಲ್ಲಿ ‘ಹೈ-ರೆಸ್ ಆಡಿಯೊ’ ಅಂತ ಬರೆದಿತ್ತು.

“ಇದು ನಲವತ್ತು ಸಾವಿರದ ತನಕ ಹೋಗುತ್ತೆ ಸಾರ್” ಅಂದ ಹುಡುಗ.

“ಸ್ಪೀಕರ್‌ಗೆ ನಲವತ್ತು ಸಾವಿರ ರೂಪಾಯಾ?” ಭಾವ ಎರಡು ಹೆಜ್ಜೆ ಹಿಂದೆ ಸರಿದರು.

ಹುಡುಗ ಹೇಳಿದ್ದು ಹರ್ಟ್ಸ್ ಲೆಕ್ಕ. ಬೆಲೆ ಅಷ್ಟೇನೂ ಇರಲಿಲ್ಲ, ಆದರೆ ಪಕ್ಕದ ಪೆಟ್ಟಿಗೆಯ ಮೂರು ಪಟ್ಟು ಇತ್ತು.

ಹತ್ತು ವರ್ಷದ ಹಿಂದೆ ಈ ಮಾತು ಆಡಿಯೊ ಹುಚ್ಚಿನವರ ನಡುವೆ ಮಾತ್ರ ಓಡಾಡುತ್ತಿತ್ತು. ಈಗ ಮೈಲೇಜಿನ ಜೊತೆಗೆ ಸ್ಪೀಕರ್ ಎಷ್ಟು ಅನ್ನುವುದನ್ನೂ ಹೇಳಿಯೇ ಕಾರು ಮಾರುತ್ತಾರೆ. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ700ನ ಮೇಲಿನ ಮಾದರಿಯಲ್ಲಿ ಸೋನಿಯ 12 ಸ್ಪೀಕರ್ ಇದ್ದವು. ಅದೇ ಕಂಪನಿಯ ಎಲೆಕ್ಟ್ರಿಕ್ ಬಿಇ 6ರಲ್ಲಿ ಹರ್ಮನ್ ಕಾರ್ಡನ್‌ನ 16. ಹಾಡಿನ ಆ್ಯಪ್‌ಗಳೂ ‘ಲಾಸ್‌ಲೆಸ್’ (ಅಂದರೆ ಮೂಲದಿಂದ ಏನೂ ಕಳೆಯದ್ದು), ‘ಹೈ-ರೆಸ್’ ಅನ್ನುತ್ತಿವೆ. ಹಾಗಾಗಿ ಚಿನ್ನದ ಚೌಕಕ್ಕೆ ದುಡ್ಡು ಕೊಡುವ ಮೊದಲು ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನು ಬುಡದಿಂದ ನೋಡೋಣ.

ಹರ್ಟ್ಸ್ ಅನ್ನುವ ಅಳತೆ

ಸದ್ದು ಅಂದರೆ ಗಾಳಿಯ ನಡುಕ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವುದೇ ಹರ್ಟ್ಸ್. ಗಂಡಸರ ಮಾತಿನ ಮೂಲ ಕಂಪನ 100ರ ಆಸುಪಾಸು, ಹೆಂಗಸರದು 200ರ ಆಸುಪಾಸು. ಕಿವಿ ಹತ್ತಿರ ಬಂದ ಸೊಳ್ಳೆಯ ಗುಂಯ್ ಸುಮಾರು 500. ಪಿಯಾನೊದ ಬಲತುದಿಯ ಕಟ್ಟಕಡೆಯ ಕೀಲಿ ಒತ್ತಿದರೂ 4,186 ಹರ್ಟ್ಸ್ ಅಷ್ಟೇ.

ಹಾಗಾದರೆ ಅದರ ಮೇಲಿನ ಜಾಗದಲ್ಲಿ ಇರುವುದೇನು? ಮೂಲ ಸ್ವರದ ಬೆನ್ನಿಗೆ ಬರುವ ಉಪಸ್ವರಗಳು. ವೀಣೆಯ ‘ಸ’ ಮತ್ತು ಕೊಳಲಿನ ‘ಸ’ ಒಂದೇ ಶ್ರುತಿಯಲ್ಲಿದ್ದರೂ ಬೇರೆಬೇರೆ ಅಂತ ಗೊತ್ತಾಗುವುದು ಬಹುಮಟ್ಟಿಗೆ ಇವುಗಳಿಂದ. ತಾಳದ ಝಣ್, ಗೆಜ್ಜೆಯ ಝಲ್, ಹಾಡುವವರ ಬಾಯಿಂದ ಬರುವ ‘ಸ’ಕಾರ ‘ಶ’ಕಾರದ ಉಸಿರು ಎಲ್ಲವೂ ಸಾವಿರಾರು ಹರ್ಟ್ಸ್‌ಗಳ ಲೋಕದವು.

ಮನುಷ್ಯರ ಕಿವಿಗೆ 20ರಿಂದ 20,000 ಹರ್ಟ್ಸ್ ಕೇಳುತ್ತದೆ ಅಂತ ಪಠ್ಯಪುಸ್ತಕ ಹೇಳುತ್ತದೆ. ಅದು ಎಳೆಯರ ಕಿವಿಯ ಲೆಕ್ಕ. ವಯಸ್ಸಾದಂತೆ ಮೇಲಿನ ತುದಿ ಸವೆಯುತ್ತ ಬರುತ್ತದೆ. ನಡುವಯಸ್ಸಿನ ಅನೇಕರಿಗೆ 14-15 ಸಾವಿರದ ಮೇಲೆ ಏನೂ ಕೇಳುವುದಿಲ್ಲ. 40,000 ಹರ್ಟ್ಸ್ ಕೇಳುವ ಪ್ರಾಣಿ ಕಾರಿನಲ್ಲಿ ಇದ್ದರೆ ಅದು ಹಿಂದಿನ ಸೀಟಿನಲ್ಲಿ ಕೂತ ನಾಯಿ.

ಕೆಆರ್‌ಎಸ್ ನೀರಿನ ಮಟ್ಟದ ಉದಾಹರಣೆ

‘ರೆಸಲ್ಯೂಷನ್’ ಅನ್ನುವ ಮಾತು ಮೊದಲು ಹೊಂದುವುದು ಡಿಜಿಟಲ್ ಫೈಲ್‌ಗೆ, ಸ್ಪೀಕರ್‌ಗಲ್ಲ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಕೆಆರ್‌ಎಸ್ ನೀರಿನ ಮಟ್ಟ ನೋಡುತ್ತೇವಲ್ಲ, ಅದನ್ನೇ ನೆನಪಿಸಿಕೊಳ್ಳಿ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ನಿನ್ನೆ ಇಷ್ಟು. ದಿನಕ್ಕೊಂದು ಸಲ ಅಳೆದರೆ ಮಧ್ಯಾಹ್ನ ಏರಿ ಸಂಜೆಗೆ ಇಳಿದದ್ದು ತಪ್ಪಿಹೋಗುತ್ತದೆ. ಗಂಟೆಗೊಮ್ಮೆ ಅಳೆದರೆ ಅದೂ ಸಿಗುತ್ತದೆ. ಹೀಗೆ ಎಷ್ಟು ಸಲ ಅಳೆಯುತ್ತೇವೆ ಅನ್ನುವುದು ಸ್ಯಾಂಪ್ಲಿಂಗ್. ಅಳೆದದ್ದನ್ನು ಬರೀ ‘110 ಅಡಿ’ ಅಂತ ಬರೆದುಕೊಳ್ಳುತ್ತೇವೋ ‘110.35’ ಅಂತಲೋ ಅನ್ನುವುದು ಬಿಟ್.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಗೂ 16 ಬಿಟ್, ಅಂದರೆ 65,536 ಮೆಟ್ಟಿಲು. ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದಷ್ಟು ಹರ್ಟ್ಸ್‌ವರೆಗಿನ ಸದ್ದು ಹಿಡಿತಕ್ಕೆ ಸಿಗುತ್ತದೆ ಅನ್ನುವುದು ಗಣಿತದ ನಿಯಮ. ಹಾಗಾಗಿ ಸಿಡಿಯ ಮಿತಿ 22,050. ಕಿವಿಯ ಮಿತಿಗಿಂತ ತುಸು ಮೇಲೆ. ಹೈ-ರೆಸ್ ಫೈಲ್‌ನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 96,000 ಅಳತೆ, 24 ಬಿಟ್. ಮೆಟ್ಟಿಲುಗಳು 1.67 ಕೋಟಿ, ಹಿಡಿತ 48,000 ಹರ್ಟ್ಸ್‌ವರೆಗೆ.

ಇಲ್ಲಿ ಒಂದು ತಪ್ಪು ಕಲ್ಪನೆ ಎಲ್ಲ ಕಡೆ ಇದೆ: ಹೆಚ್ಚು ಸಲ ಅಳೆದರೆ ಅಲೆ ಹೆಚ್ಚು ನುಣುಪಾಗುತ್ತದೆ, ಸಿಡಿಯಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ ಅಂತ. ಜಾಹೀರಾತಿನ ಚಿತ್ರಗಳೂ ಹಾಗೇ ತೋರಿಸುತ್ತವೆ. ವಾಸ್ತವದಲ್ಲಿ ಮಿತಿಯ ಒಳಗಿನ ಅಲೆಯನ್ನು ಸಿಡಿಯೂ ಪೂರ್ತಿ ನುಣುಪಾಗಿಯೇ ಮರಳಿ ಕಟ್ಟುತ್ತದೆ. ಹೆಚ್ಚಿನ ಸ್ಯಾಂಪ್ಲಿಂಗ್ ಕೊಡುವುದು ಮೇಲಿನ ಜಾಗವನ್ನು, ಹೆಚ್ಚಿನ ಬಿಟ್ ಕೊಡುವುದು ಅತಿ ಮೆಲ್ಲನೆಯ ಸದ್ದಿಗೆ ಜಾಗವನ್ನು.

ಚೌಕ ಕೊಡುವವರು ಯಾರು?

ಈ ಗುರುತು ಸೋನಿ ರೂಪಿಸಿದ್ದು; 2014ರಿಂದ ಜಪಾನ್ ಆಡಿಯೊ ಸೊಸೈಟಿಯ ಕೈಯಲ್ಲಿದೆ. ಡಿಜಿಟಲ್ ಉಪಕರಣಕ್ಕೆ ಅವರು ಕೇಳುವುದು 24 ಬಿಟ್, 96 ಕಿಲೊಹರ್ಟ್ಸ್. ಮೈಕ್, ಆಂಪ್ಲಿಫೈಯರ್, ಸ್ಪೀಕರ್, ಹೆಡ್‌ಫೋನ್‌ಗಳಿಗೆ ಕೇಳುವುದು 40 ಕಿಲೊಹರ್ಟ್ಸ್, ಅಂದರೆ 40,000 ಹರ್ಟ್ಸ್ ಅಥವಾ ಅದಕ್ಕೂ ಮೇಲೆ ದುಡಿಯುವ ಶಕ್ತಿ. ಜೊತೆಗೆ ಕಿವಿಗೊಟ್ಟು ಕೇಳುವ ಪರೀಕ್ಷೆಯೂ ಉಂಟು. ಕಾರಿನ ಸ್ಪೀಕರ್‌ಗಳಲ್ಲಿ ಸೋನಿ, ಪಯನಿಯರ್, ಕೆನ್‌ವುಡ್, ಆಲ್ಪೈನ್‌ನಂಥ ಜಪಾನಿ ಕಂಪನಿಗಳ ಮೇಲ್ದರ್ಜೆಯ ಮಾದರಿಗಳ ಮೇಲೆ ಇದು ಕಾಣುತ್ತದೆ.

ಗಮನಿಸಬೇಕಾದದ್ದು: ಸ್ಪೀಕರ್‌ನೊಳಗೆ ಬಿಟ್ ಇಲ್ಲ, ಸ್ಯಾಂಪ್ಲಿಂಗ್ ಇಲ್ಲ. ತಂತಿಯಲ್ಲಿ ಬಂದ ವಿದ್ಯುತ್ತಿಗೆ ತಕ್ಕ ಹಾಗೆ ನಡುಗುವುದಷ್ಟೇ ಅದರ ಕೆಲಸ. ಚೌಕವಿಲ್ಲದ ಸ್ಪೀಕರ್‌ನಲ್ಲಿ ಹೈ-ರೆಸ್ ಫೈಲ್ ನುಡಿಯುವುದಿಲ್ಲ ಅಂತೇನಿಲ್ಲ. ಹಾಗೆಯೇ ಚೌಕ ಇಲ್ಲದ ಒಳ್ಳೆಯ ಸ್ಪೀಕರ್‌ಗಳು ಬೇಕಾದಷ್ಟಿವೆ. ಗುರುತಿಗೆ ಅರ್ಜಿ ಹಾಕದ ಕಂಪನಿಗಳೂ ಇವೆ.

ಹಪ್ಪಳ ಮತ್ತು ಟ್ವೀಟರ್

ಹಾಗಾದರೆ ಕೇಳದ ಸದ್ದಿಗೆ ಇಷ್ಟೊಂದು ಒದ್ದಾಟ ಯಾಕೆ? ಉತ್ತರ ಸ್ಪೀಕರ್‌ನ ಹೊಟ್ಟೆಯೊಳಗೆ ಇದೆ.

ಅಯಸ್ಕಾಂತ, ಅದರ ಸಂದಿಯಲ್ಲಿ ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕೋನ್. ಹಾಡಿನ ವಿದ್ಯುತ್ ಸುರುಳಿಯಲ್ಲಿ ಹರಿದಾಗ ಅದು ಹಿಂದೆ ಮುಂದೆ ಜಿಗಿಯುತ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಇಂದಿನ ರೂಪಕ್ಕೆ ತಂದ ವಿನ್ಯಾಸವಿದು. ನೂರು ವರ್ಷವಾದರೂ ಮೂಲತತ್ವ ಬದಲಾಗಿಲ್ಲ.

ತೊಂದರೆ ಏನೆಂದರೆ, ಒಂದೇ ಕೋನ್ ಎಲ್ಲ ಕೆಲಸ ಮಾಡಲಾರದು. ಬೇಸ್‌ಗೆ ತುಂಬ ಗಾಳಿ ತಳ್ಳಬೇಕು, ಅದಕ್ಕೆ ದೊಡ್ಡ ಕೋನ್ ಬೇಕು. ಮೇಲಿನ ಸದ್ದಿಗೆ ಸೆಕೆಂಡಿಗೆ ಹತ್ತು ಹದಿನೈದು ಸಾವಿರ ಸಲ ಓಡಾಡಬೇಕು, ಅದಕ್ಕೆ ಹಗುರವಾದ ಪುಟ್ಟ ಗುಮ್ಮಟ ಬೇಕು. ಮೊದಲನೆಯದು ವೂಫರ್, ಎರಡನೆಯದು ಟ್ವೀಟರ್. ಯಾವ ಸದ್ದು ಯಾರಿಗೆ ಅಂತ ಹಂಚುವುದು ಕ್ರಾಸ್‌ಓವರ್. ಟ್ವೀಟರನ್ನು ವೂಫರ್‌ನ ಮಧ್ಯದಲ್ಲೇ ಕೂರಿಸಿದ್ದರೆ ಕೋಆ್ಯಕ್ಸಿಯಲ್. ಬೇರೆ ತೆಗೆದು ಕನ್ನಡಿಯ ಹತ್ತಿರವೋ ಡ್ಯಾಶ್‌ಬೋರ್ಡ್ ತುದಿಯಲ್ಲೋ ಕೂರಿಸುವಂತಿದ್ದರೆ ಕಂಪೊನೆಂಟ್. 40,000 ಹರ್ಟ್ಸ್‌ನ ಮಾತೆಲ್ಲ ಟ್ವೀಟರ್‌ಗೆ ಸೇರಿದ್ದು. ವೂಫರ್ ಅಲ್ಲಿಗೆ ಹೋಗುವುದೂ ಇಲ್ಲ, ಹೋಗಬೇಕಾಗಿಯೂ ಇಲ್ಲ.

ಟ್ವೀಟರ್‌ನ ಗುಮ್ಮಟ ಹಗುರವೂ ಇರಬೇಕು, ಬಿರುಸೂ ಇರಬೇಕು. ಚೆನ್ನಾಗಿ ಒಣಗಿದ ಹಪ್ಪಳ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಇಡೀ ಹಪ್ಪಳ ಒಟ್ಟಿಗೆ ಅಲ್ಲಾಡುತ್ತದೆ. ಆಗಷ್ಟೇ ಲಟ್ಟಿಸಿದ ಹಸಿ ಹಪ್ಪಳವನ್ನು ಅಲ್ಲಾಡಿಸಿದರೆ ಕೈ ಒಂದು ಕಡೆ, ಅಂಚು ಇನ್ನೊಂದು ಕಡೆ. ಪ್ರತಿ ಗುಮ್ಮಟಕ್ಕೂ ಹೀಗೆ ‘ಹಸಿ ಹಪ್ಪಳ’ ಆಗುವ ಒಂದು ವೇಗ ಇದ್ದೇ ಇದೆ. ಅದನ್ನು ದಾಟಿದರೆ ಮಧ್ಯ ಒಂದು ತಾಳದಲ್ಲಿ, ಅಂಚು ಇನ್ನೊಂದು ತಾಳದಲ್ಲಿ ನಡುಗುತ್ತದೆ. ಲೋಹದ್ದಾದರೆ ಸ್ಟೀಲ್ ಲೋಟ ತಟ್ಟಿದ ಹಾಗೆ ತನ್ನದೇ ಸ್ವರ ಸೇರಿಸುತ್ತದೆ. ಆ ಗಡಿ ಕಿವಿಗೆ ಕೇಳುವ ಜಾಗದ ಒಳಗೋ ಅಂಚಿನಲ್ಲೋ ಬಂದರೆ ತಾಳದ ಝಣ್ ಚುಚ್ಚತೊಡಗುತ್ತದೆ, ‘ಸ’ಕಾರ ಸೀಳುತ್ತದೆ.

40,000ದವರೆಗೂ ದುಡಿಯುವ ಟ್ವೀಟರ್ ಮಾಡಬೇಕೆಂದರೆ ಆ ಗಡಿಯನ್ನು ಮೇಲಕ್ಕೆ ತಳ್ಳಬೇಕು ಅಥವಾ ಅದರ ಆರ್ಭಟವನ್ನು ತಗ್ಗಿಸಬೇಕು. ಅದಕ್ಕೇ ಲೇಪ ಹಚ್ಚಿದ ರೇಷ್ಮೆ, ಅಲ್ಯೂಮಿನಿಯಂ, ಟೈಟೇನಿಯಂ, ಕಾರ್ಬನ್ ನಾರು, ಪುಟ್ಟದಾದರೂ ಬಲವಾದ ನಿಯೋಡಿಮಿಯಂ ಅಯಸ್ಕಾಂತ, ಕೂದಲಿನಂಥ ತಂತಿ. ಈ ಕಸುಬಿನ ಫಲ ಕಿವಿಗೆ ಕೇಳುವ 8ರಿಂದ 15 ಸಾವಿರದ ಜಾಗದಲ್ಲೂ ಸಿಗಬಹುದು: ಚುಚ್ಚದ, ಒರಟಿಲ್ಲದ ಮೇಲ್ದನಿ. ನನ್ನ ಮಟ್ಟಿಗೆ ಚಿನ್ನದ ಚೌಕಕ್ಕೆ ಏನಾದರೂ ಬೆಲೆ ಇದ್ದರೆ ಅದು ಇಲ್ಲಿ. ಹಾಗಂತ ಮೇಲಿನ ಮಿತಿಯೊಂದೇ ಅದಕ್ಕೆ ಖಾತರಿಯಲ್ಲ. 40,000 ಮುಟ್ಟಿಯೂ ನಡುವಿನಲ್ಲಿ ಏರುಪೇರಾಗಿ ನುಡಿಯುವ ಸ್ಪೀಕರ್ ಇರಬಹುದು.

ವ್ಯತ್ಯಾಸ ಕೇಳುತ್ತದೆಯೇ?

ಇದನ್ನು ಅಳೆದು ನೋಡಿದವರಿದ್ದಾರೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಹಿಂದಿನ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. 400ಕ್ಕೂ ಹೆಚ್ಚು ಜನ ಕೇಳಿದವರು, 12,500ಕ್ಕೂ ಹೆಚ್ಚು ಸಲ ಪರೀಕ್ಷೆ. ಯಾವುದು ಹೈ-ರೆಸ್ ಅಂತ ಸರಿಯಾಗಿ ಗುರುತಿಸಿದ್ದು 52.3 ಶೇಕಡಾ. ನಾಣ್ಯ ಚಿಮ್ಮಿ ಹೇಳಿದರೆ 50 ಬರುತ್ತದೆ. ಕಿವಿ ಪಳಗಿಸಿಕೊಂಡವರಲ್ಲಿ ಇದು 60 ದಾಟಿತು. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಲಾಗದು, ಇದ್ದರೂ ಕೂದಲೆಳೆಯಷ್ಟು. ಅದೂ ಸದ್ದಿಲ್ಲದ ಕಡೆ, ಬೇರೇನೂ ಕೆಲಸವಿಲ್ಲದೆ ಕೂತು ಕೇಳಿದಾಗ. ತುಮಕೂರು ರಸ್ತೆಯಲ್ಲಿ ಲಾರಿಯ ಪಕ್ಕ ಅಲ್ಲ.

ಕಾರೂ ಒಂದು ಕೋಣೆಯೇ, ಆದರೆ ಕೆಟ್ಟ ಕೋಣೆ

ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರು ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿ.ಮೀ. ಓಡುವಾಗ ಒಳಗೆ ಟೈರ್, ಗಾಳಿ, ಎಂಜಿನ್ ಸೇರಿ 65ರಿಂದ 70 ಡೆಸಿಬೆಲ್ (ಸದ್ದಿನ ಜೋರು ಅಳೆಯುವ ಮಾನ) ಸದ್ದು ಇದ್ದೇ ಇರುತ್ತದೆ. ನೀವು ಹಾಡನ್ನು 100 ಡೆಸಿಬೆಲ್‌ವರೆಗೆ ಏರಿಸಿದಿರಿ ಅನ್ನಿ, ಅದೇ ಕಿವಿಗೆ ಒಳ್ಳೆಯದಲ್ಲ. ಆಗಲೂ ಹಾಡಿಗೆ ಸಿಗುವ ಜಾಗ 30-35 ಡೆಸಿಬೆಲ್. ಸಿಡಿಯ 16 ಬಿಟ್ ಹಿಡಿಯಬಲ್ಲದ್ದು ಸುಮಾರು 96. ಅಂದರೆ ಓಡುವ ಕಾರಿನಲ್ಲಿ ಸಿಡಿ ಕೊಡುವ ಸೂಕ್ಷ್ಮವೇ ಸುಮಾರು ಮೂರರಲ್ಲಿ ಎರಡು ಪಾಲು ಟೈರ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. 24 ಬಿಟ್‌ನ ಹೆಚ್ಚುವರಿ ಜಾಗಕ್ಕೆ ಅಲ್ಲಿ ಕೆಲಸವಿಲ್ಲ. ನಿಲ್ಲಿಸಿದ ಕಾರಿನಲ್ಲಿ ಕೇಳುವ ಮಾತು ಬೇರೆ.

ಎರಡನೆಯದು ದಿಕ್ಕು. ಸದ್ದು ಮೇಲೇರಿದಷ್ಟೂ ಅದರ ಅಲೆ ಚಿಕ್ಕದಾಗುತ್ತದೆ. 100 ಹರ್ಟ್ಸ್‌ನ ಅಲೆ ಸುಮಾರು 3.4 ಮೀಟರ್, 20,000ದ್ದು 1.7 ಸೆಂಟಿಮೀಟರ್, 40,000ದ್ದು ಒಂದು ಸೆಂಟಿಮೀಟರ್‌ಗೂ ಕಡಿಮೆ. ಇಂಥ ಪುಟ್ಟ ಅಲೆಗಳು ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತವೆ. ಬಾಗಿಲ ಕೆಳಗೆ ಮೊಣಕಾಲಿನ ಬಳಿ ಕೂತ ಕೋಆ್ಯಕ್ಸಿಯಲ್‌ನ ಮೇಲ್ದನಿಯನ್ನು ಮೊದಲು ಕೇಳಿಸಿಕೊಳ್ಳುವುದು ನಿಮ್ಮ ಪ್ಯಾಂಟು. ಸಾಧಾರಣ ಟ್ವೀಟರನ್ನೇ ಮುಖದ ಎತ್ತರಕ್ಕೆ ತಂದು ಕಿವಿಯ ಕಡೆ ತಿರುಗಿಸಿದರೆ, ಕಾಲಬುಡದ ಹೈ-ರೆಸ್‌ಗಿಂತ ಸ್ಪಷ್ಟವಾಗಿ ಕೇಳುತ್ತದೆ.

ಇನ್ನೊಂದು, ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ. ಬಲದ ಸ್ಪೀಕರ್‌ಗಿಂತ ಎಡದ್ದು ಅರ್ಧ ಮೀಟರ್ ಹೆಚ್ಚು ದೂರವಿದ್ದರೆ ಅದರ ಸದ್ದು ಸುಮಾರು ಒಂದೂವರೆ ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಇಷ್ಟೇ ಸಾಕು, ಹಾಡುವವರು ಎದುರಿಗೆ ನಿಲ್ಲುವ ಬದಲು ಬಲಬಾಗಿಲಿಗೆ ಒರಗಿಕೊಂಡ ಹಾಗೆ ಅನ್ನಿಸುತ್ತದೆ. ಕೆಲವು ಸ್ಟೀರಿಯೊಗಳಲ್ಲಿ ‘ಟೈಮ್ ಅಲೈನ್‌ಮೆಂಟ್’ ಅಂತ ಇರುತ್ತದೆ. ಹತ್ತಿರದ ಸ್ಪೀಕರನ್ನು ಬೇಕೆಂದೇ ಅಷ್ಟು ತಡೆಹಿಡಿಯುವುದು ಅದರ ಕೆಲಸ. ಸ್ಟೀರಿಯೊದಲ್ಲಿ ಇದ್ದರೆ ಖರ್ಚಿಲ್ಲದ ರಿಪೇರಿ.

ಬಾಗಿಲು ಬಿಚ್ಚಿದಾಗ

ಅಂಗಡಿಯ ಹುಡುಗ ಭಾವನ ಕಾರಿನ ಡೋರ್ ಪ್ಯಾಡ್ ಬಿಚ್ಚಿದ. ಒಳಗೆ ತಗಡು, ತಗಡಿನಲ್ಲಿ ಅಂಗೈ ಅಗಲದ ತೂತುಗಳು, ಅದರ ಮೇಲೆ ಅರ್ಧ ಕಿತ್ತುಬಂದ ಪ್ಲಾಸ್ಟಿಕ್ ಹಾಳೆ. ಕಂಪನಿಯ ಸ್ಪೀಕರ್‌ನ ಕಾಗದದ ಕೋನ್ ಮೇಲೆ ನೀರಿನ ಕಲೆ, ಅಂಚಿನಲ್ಲಿ ಬೂಷ್ಟು. ಭಾವನಿಗೆ ಆಶ್ಚರ್ಯ: “ಗ್ಲಾಸ್ ಏರಿಸಿಯೇ ಇರ್ತೀನಲ್ಲೋ, ನೀರು ಹೇಗೆ ಬಂತು?” ಕಾರಿನ ಬಾಗಿಲೊಳಗೆ ಮಳೆನೀರು ಇಳಿಯುವುದು ಸಹಜ. ಗ್ಲಾಸಿನ ರಬ್ಬರ್ ದಾಟಿ ಇಳಿದು ಬುಡದ ತೂತುಗಳಿಂದ ಹೊರಗೆ ಹೋಗುತ್ತದೆ. ಒಳಬದಿಗೆ ಬರದಂತೆ ತಡೆಯುವುದಕ್ಕೇ ಆ ಪ್ಲಾಸ್ಟಿಕ್ ಹಾಳೆ. ಕರಾವಳಿ, ಮಲೆನಾಡಿನ ಕಡೆಯವರು ಕಾಗದಕ್ಕಿಂತ ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್ ಕೋನ್ ಇರುವುದನ್ನು ಆರಿಸಿಕೊಳ್ಳುವುದರಲ್ಲಿ ಅರ್ಥವಿದೆ.

ಹುಡುಗ ತಗಡನ್ನು ಬೆರಳಗೆಣ್ಣಿನಿಂದ ತಟ್ಟಿದ. ಖಾಲಿ ಎಣ್ಣೆಡಬ್ಬದ ಹಾಗೆ ಢಣ್ ಅಂತು. ಸ್ಪೀಕರ್‌ನ ಪಾಲಿಗೆ ಈ ಬಾಗಿಲೇ ಪೆಟ್ಟಿಗೆ. ಕೋನ್ ಮುಂದೆ ತಳ್ಳಿದಾಗ ಹಿಂದಿನ ಗಾಳಿ ತೆಳುವಾಗುತ್ತದೆ, ಹಿಂದೆ ಸರಿದಾಗ ದಟ್ಟವಾಗುತ್ತದೆ. ತೂತುಗಳ ಮೂಲಕ ಹಿಂದಿನ ಸದ್ದು ಮುಂದಿನದಕ್ಕೆ ಬಂದು ಸೇರಿದರೆ ಎರಡೂ ಒಂದನ್ನೊಂದು ಅಳಿಸುತ್ತವೆ, ಮುಖ್ಯವಾಗಿ ಬೇಸ್ ಭಾಗದಲ್ಲಿ. ‘ಹೊಸ ಸ್ಪೀಕರ್ ಹಾಕಿದೆ, ಬೇಸೇ ಇಲ್ಲ’ ಅನ್ನುವ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ.

ಇದಕ್ಕೆ ಮದ್ದು ಡ್ಯಾಂಪಿಂಗ್ ಶೀಟ್. ಒಂದು ಕಡೆ ಅಂಟುವ ಬ್ಯುಟೈಲ್ ರಬ್ಬರ್, ಇನ್ನೊಂದು ಕಡೆ ಅಲ್ಯೂಮಿನಿಯಂ ಹಾಳೆ. ಹೊರತಗಡಿನ ಒಳಮೈಗೆ ಅಂಟಿಸಿ, ಒಳತಗಡಿನ ತೂತು ಮುಚ್ಚಿ, ರೋಲರ್‌ನಿಂದ ತೀಡುತ್ತಾರೆ. ಬುಡದ ನೀರಿನ ತೂತು ಮಾತ್ರ ಮುಚ್ಚಬಾರದು. ಮುಚ್ಚಿದರೆ ಎರಡು ಮಳೆಗಾಲದಲ್ಲಿ ಬಾಗಿಲು ತುಕ್ಕು. ಒಂದು ಬಾಗಿಲು ಮುಗಿಸಿ ಹುಡುಗ ಮತ್ತೆ ತಟ್ಟಿದ. ಈ ಸಲ ‘ಟಕ್’ ಅಷ್ಟೇ, ಮರ ತಟ್ಟಿದ ಹಾಗೆ. ಬಾಗಿಲು ಹಾಕಿದ ಸದ್ದೂ ಬೇರೆಯಾಗಿತ್ತು. ಭಾವ ಅದನ್ನೇ ನಾಲ್ಕು ಸಲ ತೆರೆದು ಹಾಕಿ ನೋಡಿದರು.

50 ವ್ಯಾಟ್‌ನ ಗುಟ್ಟು

ಸ್ಟೀರಿಯೊದ ಮುಖದ ಮೇಲೆ ‘4 x 50 ವ್ಯಾಟ್’ ಅಂತ ಬರೆದಿರುತ್ತದೆ. ಕಾರು ಓಡುವಾಗ ವಿದ್ಯುತ್ ಸುಮಾರು 14.4 ವೋಲ್ಟ್, ಸ್ಪೀಕರ್‌ನ ತಡೆ 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿ: 51.84. ಬಂತಲ್ಲ ಐವತ್ತು! ಆದರೆ ಅದು ಸದ್ದು ಪೂರ್ತಿ ಹರಿದು ಚಿಂದಿಯಾದಾಗಿನ ಲೆಕ್ಕ. ಹಾಡಿನಂತೆ ಏರಿಳಿಯುವ ಅಲೆಗೆ ಅದರ ಅರ್ಧ, 26 ವ್ಯಾಟ್ ದಾಟಲಾಗದು. ಶುದ್ಧವಾಗಿ ಸಿಗುವುದು ಹದಿನೈದರಿಂದ ಇಪ್ಪತ್ತು. ಇದಕ್ಕೇ ಆರ್‌ಎಂಎಸ್ ಅನ್ನುವುದು. ಪೆಟ್ಟಿಗೆಯ ಮೇಲೆ ‘ಮ್ಯಾಕ್ಸ್’, ‘ಪೀಕ್’ ಬಿಟ್ಟು ಆರ್‌ಎಂಎಸ್ ಓದಬೇಕು.

ಅದರ ಪಕ್ಕದಲ್ಲೇ ಸೆನ್ಸಿಟಿವಿಟಿ ಅಂತ 86, 90, 92 ಡೆಸಿಬೆಲ್ ಬರೆದಿರುತ್ತದೆ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಅಂತ. ಪ್ರತಿ 3 ಡೆಸಿಬೆಲ್‌ಗೂ ಶಕ್ತಿ ದುಪ್ಪಟ್ಟು ಬೇಕು. 92ರ ಸ್ಪೀಕರ್ ಕೊಡುವ ಸದ್ದಿಗೆ 86ರದ್ದು ನಾಲ್ಕು ಪಟ್ಟು ವ್ಯಾಟ್ ಕೇಳುತ್ತದೆ. ದುಬಾರಿ ಸ್ಪೀಕರ್‌ಗಳಲ್ಲಿ ಕೆಲವು ಹೀಗೆ ಹೊಟ್ಟೆಬಾಕ. ಅವನ್ನು ಆಂಪ್ಲಿಫೈಯರ್ ಇಲ್ಲದೆ ಕಂಪನಿಯ ಸ್ಟೀರಿಯೊಗೆ ಕಟ್ಟಿದರೆ ಹಳೆಯದಕ್ಕಿಂತ ಮಂಕಾಗಿ ಕೇಳಬಹುದು.

ಹಾಡು ಯಾವ ದಾರಿಯಲ್ಲಿ ಬರುತ್ತಿದೆ

ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ ಹರಿಯುವ ಮಾಹಿತಿ 1,411 ಕಿಲೊಬಿಟ್. 24 ಬಿಟ್, 96 ಕಿಲೊಹರ್ಟ್ಸ್ ಫೈಲ್‌ನಲ್ಲಿ 4,608. ಬ್ಲೂಟೂತ್‌ನ ಮೂಲ ವಿಧಾನವಾದ ಎಸ್‌ಬಿಸಿಯಲ್ಲಿ ಹೆಚ್ಚೆಂದರೆ 328ರ ಆಸುಪಾಸು. ಸೋನಿಯ ಎಲ್‌ಡ್ಯಾಕ್ 990ರವರೆಗೆ ಹೋಗುತ್ತದೆ, ಆದರೆ ಫೋನ್ ಮತ್ತು ಸ್ಟೀರಿಯೊ ಎರಡರಲ್ಲೂ ಇರಬೇಕು, ಐಫೋನ್‌ನಲ್ಲಿ ಅದಿಲ್ಲ. ಯೂಟ್ಯೂಬ್ ಮ್ಯೂಸಿಕ್ ಕೊಡುವ ಗರಿಷ್ಠವೇ 256. ದೊಡ್ಡ ಹೊಳೆಯ ನೀರನ್ನು ತೋಟದ ಪೈಪಿನಲ್ಲಿ ತಂದು ಅಗಲವಾದ ಕಾಲುವೆಗೆ ಬಿಟ್ಟ ಹಾಗೆ ಆಗುತ್ತದೆ: ಕಾಲುವೆ ಹೈ-ರೆಸ್, ಪೈಪು ಅಲ್ಲ. ಎಫ್‌ಎಲ್‌ಎಸಿ (ಏನೂ ಕಳೆಯದೆ ಹಾಡನ್ನು ಕುಗ್ಗಿಸಿಡುವ ವಿಧಾನ) ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಸ್ಟೀರಿಯೊಗೆ ಚುಚ್ಚುವುದು ಈಗಲೂ ಸರಳವಾದ ಒಳ್ಳೆಯ ದಾರಿ, ಸ್ಟೀರಿಯೊ ಅದನ್ನು ಓದುವುದಾದರೆ.

ದಾರಿಗಿಂತ ಮುಂಚೆ ಹಾಡೇ ಹೇಗೆ ದಾಖಲಾಗಿದೆ ಅನ್ನುವುದೂ ಇದೆ. ನಮ್ಮ ಹಳೆಯ ಸಿನಿಮಾ ಹಾಡುಗಳು ಟೇಪಿನ ಮೇಲೆ, ಹೆಚ್ಚಿನವು ಮೋನೊದಲ್ಲಿ, ಅಂದರೆ ಎಡ-ಬಲ ಬೇರೆಯಿಲ್ಲದೆ, ಮುದ್ರಣಗೊಂಡವು. ಅನೇಕವು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಫೋನಿಗೆ ಬಂದಿವೆ. ಸಾಧಾರಣ ಕ್ಯಾಸೆಟ್ 12-15 ಸಾವಿರ ಹರ್ಟ್ಸ್‌ಗೇ ಸುಸ್ತಾಗುತ್ತದೆ. ಅದನ್ನು 96 ಕಿಲೊಹರ್ಟ್ಸ್ ಫೈಲ್ ಮಾಡಿದರೆ ಫೈಲ್ ದೊಡ್ಡದಾಗುತ್ತದೆ, ಹಾಡು ಕ್ಯಾಸೆಟ್ಟಿನದೇ ಆಗಿರುತ್ತದೆ.

ಭಾವ ಕೊನೆಗೆ ಚೌಕವಿಲ್ಲದ ಪೆಟ್ಟಿಗೆಯ ಕಂಪೊನೆಂಟ್ ಜೋಡಿ ತಗೊಂಡರು. ಉಳಿದ ದುಡ್ಡಿನಲ್ಲಿ ಮುಂದಿನ ಎರಡೂ ಬಾಗಿಲಿಗೆ ಡ್ಯಾಂಪಿಂಗ್, ಸೀಟಿನಡಿಗೆ ಒಂದು ಸಣ್ಣ ಆಂಪ್. ಟ್ವೀಟರನ್ನು ಕನ್ನಡಿಯ ತ್ರಿಕೋನದಲ್ಲಿ ಕೂರಿಸಿದ್ದಾಯಿತು. ವೈರ್ ಕತ್ತರಿಸದೆ ಕಪ್ಲರ್ (ಕಾರಿನ ಸಾಕೆಟ್‌ಗೆ ಹೊಂದುವ ಜೋಡಣೆ ಪ್ಲಗ್) ಹಾಕಿಯೇ ಜೋಡಿಸಬೇಕು ಅಂತ ನಾನು ಪಟ್ಟು ಹಿಡಿದೆ.

ಎರಡು ದಿನದ ನಂತರ ಅವರ ಫೋನ್ ಬಂತು. ದನಿಯಲ್ಲಿ ಆತಂಕ. “ಏನೋ ಇದು, ಸ್ಪೀಕರ್ ಫಾಲ್ಟ್ ಇದೆ ಕಣೋ. ಹಳೇ ಹಾಡು ಹಾಕಿದ್ರೆ ಹಿಂದ್ಗಡೆ ಸರ್ ಅಂತ ಒಂದೇ ಸಮ ಬರ್ತಿದೆ, ಸಣ್ಣಗೆ ನಲ್ಲಿ ಬಿಟ್ಟ ಹಾಗೆ. ಮೊದಲು ಇರಲಿಲ್ಲ. ವಾಪಸ್ ಕೊಡೋಣ.”

“ಅದು ಟೇಪಿನ ಸದ್ದು ಭಾವ. ಮೊದಲೂ ಇತ್ತು, ನಿಮಗೆ ಕೇಳ್ತಿರಲಿಲ್ಲ ಅಷ್ಟೆ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಟ್ರೆಬಲ್ ಗುಂಡಿ ಟಿಕ್ ಟಿಕ್ ಅಂತ ಎರಡು ಸಲ ಇಳಿದ ಸದ್ದು ಫೋನಿನಲ್ಲೇ ಕೇಳಿಸಿತು.